ಹಳೆಯ ಬರಹದ ಪ್ರತಿಕ್ರಮಣ

ವರಾಹಿಯ ದಡದ ಹಟ್ಟಿಯಂಗಡಿಯಿಂದ ಕಾಲೇಜಿಗೆ ಹೋಗುವ ವಿದ್ಯಾರ್ಥಿಯೊಬ್ಬನು ಮೊದಲ ವರ್ಷದಲ್ಲಿ ಊರಿನ ಬಸದಿಯನ್ನು ಕುರಿತು ಪ್ರಬಂಧ ಬರೆದನೆನ್ನೋಣ. ಕೊನೆಯ ವರ್ಷದಲ್ಲಿ ಹಳೆಯ ಪ್ರಬಂಧಗಳನ್ನು ಪರಿಷ್ಕರಿಸಿ, ಆತ್ಮವಿಮರ್ಶೆಯೊಡನೆ ಸಂಪುಟವಾಗಿ ಒಪ್ಪಿಸಬೇಕಾಗಿದೆ. ಬಸದಿಯ ಕಾಲವೆಂದು ತಾನು ಬರೆದುದು ಬರಿಯ ಕೇಳಿಕೆಯ ಮಾತೆಂದು ಆಗ ಅವನಿಗೆ ತಿಳಿಯುತ್ತದೆ. ಆ ಸಾಲನ್ನು ಸದ್ದಿಲ್ಲದೆ ಅಳಿಸಿದರೆ ಬರಹವು ಶುದ್ಧವಾದೀತು, ಬರೆದವನು ಶುದ್ಧನಾದಾನೇ?

ವ್ಯಾಪಾರಿಯ ಕಿರ್ದಿಯಲ್ಲಿ ತಪ್ಪು ನಮೂದನ್ನು ಕೆರೆದು ಅಳಿಸುವ ಪದ್ಧತಿಯಿಲ್ಲ. ಅದನ್ನು ಹಾಗೆಯೇ ಉಳಿಸಿ, ತಾರೀಖು ಮತ್ತು ಕಾರಣಗಳೊಡನೆ ತಿದ್ದುಪಡಿಯ ನಮೂದನ್ನು ಬರೆಯುತ್ತಾರೆ. ಕೆರೆದ ಪುಟವು ಸರಿಯಾದ ಲೆಕ್ಕದ ಮೇಲೂ ಸಂಶಯ ತರುತ್ತದೆ.

ಪಂಪ, ರನ್ನ ಮೊದಲಾದ ಜೈನಕವಿಗಳ ವೃತ್ತಾಂತವನ್ನೊಳಗೊಂಡ ‘ಕರ್ಣಾಟಕ ಕವಿಚರಿತೆ’ಯ ಪ್ರಥಮ ಸಂಪುಟವನ್ನು ಆರ್. ನರಸಿಂಹಾಚಾರ್ಯರು 1907ರಲ್ಲಿ ಪ್ರಕಟಿಸಿ, 1924ರಲ್ಲಿ ಪರಿಷ್ಕರಿಸಿದರು. ತಿದ್ದಿದುದರಿಂದ ಅವರ ಗೌರವವು ಕುಂದಲಿಲ್ಲ.

ಷಡಾವಶ್ಯಕಗಳಲ್ಲಿ ಪ್ರತಿಕ್ರಮಣವು ಕಳೆದ ದೋಷವನ್ನು ನೆನೆದು ಹಿಂತಿರುಗುವುದು; ಪ್ರತ್ಯಾಖ್ಯಾನವು ಮುಂದೆ ಅದನ್ನು ತೊರೆಯುವ ಸಂಕಲ್ಪ. ವಿದ್ಯಾರ್ಥಿಯ ಸಂಪುಟದಲ್ಲಿಯೂ ಹಳೆಯ ಪ್ರತಿ, ಹೊಸ ಪ್ರತಿ, ಬದಲಾವಣೆಯ ಕಾರಣ, ಈ ಮೂರೂ ಇರಲಿ. ಅಂಕವೆರಡು ಕಡಿಮೆಯಾದರೂ ಕಾರಣ ಬರೆದ ಪುಟವೇ ವಿದ್ಯೆಯ ಸಾಕ್ಷಿ. ಬಸದಿಯ ಪರಿಚಯ ಪುಸ್ತಿಕೆಗಳನ್ನು ಮರುಮುದ್ರಿಸುವ ಟ್ರಸ್ಟುಗಳಿಗೂ ಇದೇ ನಿಯಮವು ಸಲ್ಲತಕ್ಕದ್ದು.