ಎಂಟು ಕಲ್ಲಿನ ದಾರಿ

ಸವದತ್ತಿ ತಾಲ್ಲೂಕಿನ ಆ ಊರಿನ ರಸ್ತೆಯಲ್ಲಿ ಬೆಳಗಿನ ಐದಕ್ಕೆ ಹತ್ತು ಹನ್ನೆರಡು ಹುಡುಗರು ಓಡುತ್ತಾರೆ. ಇದೇನೂ ಆ ಊರಿನ ವಿಶೇಷವಲ್ಲ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಜಿಲ್ಲೆಗಳಲ್ಲಿ ಮಬ್ಬುಗತ್ತಲೆಯ ಮೊದಲ ಬಸ್ಸು ಹಿಡಿದವರಿಗೆಲ್ಲ ಈ ನೋಟ ಗೊತ್ತು. ದೀಪದ ಬೆಳಕಿಗೆ ಒಮ್ಮೆಲೇ ನಾಲ್ಕಾರು ಬಿಳಿ ಬನಿಯನ್ನುಗಳು ಕಾಣುತ್ತವೆ. ಬಸ್ಸಿಗೆ ದಾರಿ ಬಿಟ್ಟು ಮತ್ತೆ ಕತ್ತಲೆಯಲ್ಲಿ ಕರಗುತ್ತವೆ. ಸೈನ್ಯಕ್ಕೋ ಪೊಲೀಸಿಗೋ ಸೇರಬೇಕೆಂದಿರುವವರು ಅವರು. ಎರಡರಲ್ಲೂ ಗಂಡುಮಕ್ಕಳು ಓಡಬೇಕಾದ ದೂರ 1,600 ಮೀಟರು. ಪೊಲೀಸ್ ಪೇದೆಯಾಗಲು ಅದನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. 2022ರಲ್ಲಿ ಅಗ್ನಿಪಥ ಯೋಜನೆ ಬಂದು, ಸೈನ್ಯಕ್ಕೆ ಸೇರಿದವರಲ್ಲಿ ಹೆಚ್ಚಿನವರು ನಾಲ್ಕೇ ವರ್ಷಕ್ಕೆ ಊರಿಗೆ ಮರಳಬೇಕು ಎಂದಾದ ಮೇಲೆ ಪೊಲೀಸಿನ ಕಡೆ ಕಣ್ಣು ಹಾಕುವವರು ಹೆಚ್ಚಿದ್ದಾರೆ.

ಆ ಹುಡುಗರ ಬಳಿ ಅಳತೆಯ ಟ್ರ್ಯಾಕ್ ಇಲ್ಲ. ರಸ್ತೆಯ ಕಲ್ಲುಗಳಿವೆ. ಎರಡು ಕಿಲೋಮೀಟರು ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ನಾಲ್ಕು ಸಣ್ಣ ಕಲ್ಲುಗಳಿರುತ್ತವಲ್ಲ, ಒಂದರಿಂದ ಒಂದಕ್ಕೆ 200 ಮೀಟರು. ಹಿರಿಯರು ಇಂದಿಗೂ ಅದನ್ನು ಫರ್ಲಾಂಗು ಕಲ್ಲು ಎಂದೇ ಕರೆಯುತ್ತಾರೆ. ತಪ್ಪೇನಿಲ್ಲ, ಹಳೆಯ ಫರ್ಲಾಂಗೂ 201 ಮೀಟರಿನಷ್ಟೇ ಇತ್ತು. ಎಂಟು ಫರ್ಲಾಂಗಿಗೆ ಒಂದು ಮೈಲಿ. ಅಂದರೆ ಹುಡುಗರು ನಿತ್ಯ ಓಡುವುದು, ಅಜ್ಜಂದಿರು ಸಂತೆಗೆ ನಡೆದ ಲೆಕ್ಕದಲ್ಲಿ, ಒಂದು ಮೈಲಿಗೆ ಒಂಬತ್ತು ಮೀಟರು ಕಡಿಮೆ. ಎಂಟು ಕಲ್ಲು ದಾಟಿದರೆ ಪರೀಕ್ಷೆ ದಾಟಿದಂತೆ.

ಇದೇ ಊರಿನ ಒಬ್ಬ ಹುಡುಗಿಗೆ ಬೇಕಾಗಿದ್ದುದು ಎರಡೇ ಕಲ್ಲು. ಮಹಿಳಾ ಪೇದೆಯ ಆಯ್ಕೆಗೆ 400 ಮೀಟರನ್ನು ಎರಡು ನಿಮಿಷದಲ್ಲಿ ಓಡಿದರೆ ಸಾಕು. ತಾಲ್ಲೂಕಿನ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದ ಆಕೆ ಇದನ್ನು ಮನೆಯಲ್ಲಿ ಹೇಳಿದಾಗ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಊರಾಗ ಏನಂತಾರ? ಇಂಥವರ ಮಗಳು ಓಡಿದ್ಲು ಅಂತಾರ” ಎಂದಳು.

ಹೆಣ್ಣುಮಗಳೊಬ್ಬಳು ಓಡಿದಳು ಎಂದರೆ ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಕ್ರೀಡೆಯ ಓಟಕ್ಕೆ ಬೇರೆ ಶಬ್ದವನ್ನು ಯಾರೂ ಮಾಡಿಟ್ಟಿಲ್ಲ.

ಮೊದಲ ವಾರ ಆಕೆ ಹಿತ್ತಲಲ್ಲಿ ಓಡಿದಳು. ಎಮ್ಮೆ ಕಟ್ಟುವ ಗೂಟದಿಂದ ನುಗ್ಗೆಯ ಮರದವರೆಗೆ ಇಪ್ಪತ್ತು ಹೆಜ್ಜೆ. ತಿರುಗಿ ತಿರುಗಿ ತಲೆಸುತ್ತು ಬಂದಿತೇ ಹೊರತು ದಮ್ಮು ಬೆಳೆಯಲಿಲ್ಲ. ತಂದೆ ಅದನ್ನು ಏಳು ದಿನ ನೋಡಿದ. ಎಂಟನೆಯ ದಿನ ಸೈಕಲ್ ಹೊರಗೆ ತೆಗೆದು, “ಬಾ ಯವ್ವಾ, ದಾರಿ ನೋಡೂಣು” ಎಂದ. ನಾಲ್ಕು ಎಕರೆ ಎರೆಹೊಲದ ರೈತ ಆತ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು.

ದಾರಿ ನೋಡುವುದು ಸುಲಭವಾಗಿರಲಿಲ್ಲ. ಹುಡುಗರು ಓಡುವ ಡಾಂಬರು ರಸ್ತೆಯಲ್ಲಿ ಕಲ್ಲುಗಳಿದ್ದವು, ಆದರೆ ಕಾರ್ತಿಕ ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳೂ ಬರುತ್ತವೆ. ಎರಡೆರಡು ಟ್ರೇಲರು, ಹಿಂದೆ ದೀಪವಿಲ್ಲ, ಮುಂದೆ ಹಾಡು ಜೋರು. ಅಲ್ಲದೆ ಡಾಂಬರಿನ ಮೇಲೆ ನಿತ್ಯ ಓಡಿದರೆ ಮೊಳಕಾಲ ಕೆಳಗಿನ ಎಲುಬು ನೋಯುತ್ತದೆ. ಹೊಸಬರಿಗೆ ಇದು ಮೊದಲ ತಿಂಗಳಲ್ಲೇ ಬರುವ ನೋವು. ನೋವಿದ್ದಾಗ ಓಡದೆ ನಡೆಯಬೇಕು, ದೂರವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪ ಏರಿಸಬೇಕು. ಅಣ್ಣನ ಹಳೆಯ ಕ್ಯಾನ್ವಾಸ್ ಬೂಟಿನಲ್ಲಿ ಬಟ್ಟೆ ತುರುಕಿಕೊಂಡು ಓಡುವವರಿಗೆ ಇದನ್ನು ಹೇಳುವವರು ಯಾರು? ಆಕೆ ಹದಿನೈದು ದಿನ ಕುಂಟಿದಳು.

ಎರೆಹೊಲದ ಗಾಡಿದಾರಿ ಮೆತ್ತಗಿತ್ತು. ಆದರೆ ಎರೆಮಣ್ಣಿನ ಗುಣ ಎಲ್ಲರಿಗೂ ಗೊತ್ತು. ಮಳೆ ಬಿದ್ದರೆ ಒಂದೊಂದು ಬೂಟು ಎರಡೆರಡು ಕಿಲೋ ಆಗುತ್ತದೆ, ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿನಲ್ಲಿ ಪಾದ ಸಿಕ್ಕಿ ಹೊರಳುತ್ತದೆ.

ಉಳಿದದ್ದು ಮಲಪ್ರಭೆಯ ಕಾಲುವೆಯ ಏರಿ. ನವಿಲುತೀರ್ಥದ ಅಣೆಕಟ್ಟಿನಿಂದ ಬರುವ ನೀರಿನ ಪಕ್ಕದಲ್ಲಿ ಗರಸು ಹಾಸಿದ ನೇರ ದಾರಿ. ಒಂದು ಬದಿಗೆ ಜೋಳ, ಕಡಲೆ; ಇನ್ನೊಂದು ಬದಿಗೆ ಕಬ್ಬು. ವಾಹನವಿಲ್ಲ, ಹೊಗೆಯಿಲ್ಲ. ಪಟ್ಟಣದಿಂದ ಬಂದವರು ನೋಡಿದರೆ ಓಡುವುದಕ್ಕೆಂದೇ ಮಾಡಿಟ್ಟ ದಾರಿ ಎನ್ನಬೇಕು, ಅಷ್ಟು ನಿಶ್ಶಬ್ದ. ತಂದೆ ಅಲ್ಲಿ ಸೈಕಲ್ ನಿಲ್ಲಿಸಿ ಎರಡೂ ಬದಿಗೆ ನೋಡಿದ. ಕಬ್ಬು ಆಳೆತ್ತರ ಬೆಳೆದಿತ್ತು. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ಮನೆಯಿರಲಿಲ್ಲ. “ಇದು ಬ್ಯಾಡ” ಎಂದ. ಮಗಳು ಏಕೆಂದು ಕೇಳಲಿಲ್ಲ.

ಹುಡುಗರಿಗೆ ಹಿತವಾದ ನಿಶ್ಶಬ್ದವೇ ಹುಡುಗಿಯರಿಗೆ ಭಯದ್ದಾಗುತ್ತದೆ. ಹಳ್ಳಿಯ ಶಾಂತಿಯನ್ನು ಹೊಗಳುವವರು ಈ ಮಾತನ್ನು ಬಿಟ್ಟೇ ಹೊಗಳುತ್ತಾರೆ. ತಂದೆ ಲೆಕ್ಕ ಹಾಕಿದ್ದೇ ಬೇರೆ ರೀತಿಯಲ್ಲಿ. ದೂರದ ಲೆಕ್ಕವನ್ನು ಬದಿಗಿಟ್ಟು, ಯಾರ ಮನೆಯಲ್ಲಿ ಎಷ್ಟು ಹೊತ್ತಿಗೆ ದೀಪ ಹತ್ತುತ್ತದೆ ಎಂಬುದನ್ನು ಎಣಿಸಿದ. ಬಸ್ಸುನಿಲ್ದಾಣದಲ್ಲಿ ರಾತ್ರಿ ತಂಗಿದ ವಸ್ತಿ ಬಸ್ಸಿನ ಚಾಲಕ, ನಿರ್ವಾಹಕರು ಐದಕ್ಕೆ ಎದ್ದು ಮುಖ ತೊಳೆಯುತ್ತಾರೆ. ಅಲ್ಲಿಂದ ಮುಂದೆ ಹನುಮಪ್ಪನ ಗುಡಿಯಲ್ಲಿ ಪೂಜಾರಿ ಕಸ ಹೊಡೆಯುತ್ತಿರುತ್ತಾನೆ. ಆಮೇಲೆ ಹಾಲಿನ ಡೈರಿ. ಕ್ಯಾನು ಹಿಡಿದ ಹೆಂಗಸರ ಸಾಲು. ಊರ ಹೊರಗೆ ಎರಡು ಕಲ್ಲು ದಾಟಿದರೆ ಇಟ್ಟಂಗಿ ಭಟ್ಟಿ, ಅಲ್ಲಿ ಕೂಲಿಯವರ ಗುಡಿಸಲುಗಳು, ಅಡುಗೆಯ ಹೊಗೆ. ಅಲ್ಲಿಂದ ಹಿಂದಕ್ಕೆ. ಓಡಲು ಅಷ್ಟೇನೂ ಒಳ್ಳೆಯದಲ್ಲದ, ನಾಯಿಗಳಿರುವ, ಸೆಗಣಿ ಬಿದ್ದ ದಾರಿ. ಆದರೆ ಉದ್ದಕ್ಕೂ ಕಣ್ಣುಗಳಿದ್ದವು. ಸೈಕಲ್ಲಿನ ಗಾಲಿಯ ಸುತ್ತು ಎಣಿಸಿ ಆತ ಅಳೆದ: ಹೋಗಿ ಬಂದರೆ ಎಂಟು ಕಲ್ಲಿನ ದೂರ.

“ನಂಗ ಎರಡ ಕಲ್ಲು ಸಾಕಪ್ಪಾ.”

“ಎಂಟು ಓಡಿದಾಕಿಗೆ ಎರಡು ಹಗರ ಆಕ್ಕೈತಿ.”

ಮಗಳು ಮುಂದೆ, ಬ್ಯಾಟರಿ ಕಟ್ಟಿದ ಸೈಕಲ್ಲು ಹಿಂದೆ. ಮೊದಮೊದಲು ಕಟ್ಟೆಯ ಮೇಲಿನವರು, “ಏನ್ ಮಾರಾಯಾ, ಮಗಳ್ನ ಹಿಡಿಯಾಕ ಬೆನ್ನಹತ್ತೀ ಏನು?” ಎಂದು ನಕ್ಕರು. ಆತ ಸೈಕಲ್ ನಿಲ್ಲಿಸಲಿಲ್ಲ, ಗಂಟೆ ಬಾರಿಸಿದ. ತಿಂಗಳಾದ ಮೇಲೆ ಡೈರಿಯ ಹೆಂಗಸರು ತಮ್ಮ ಹೊತ್ತನ್ನು ಆಕೆಯ ಓಟದಿಂದ ಅಳೆಯತೊಡಗಿದರು. ಒಂದು ದಿನ ಜ್ವರ ಬಂದು ಮಲಗಿದರೆ ನಾಲ್ಕು ಜನ ಮನೆಗೆ ಬಂದು ಕೇಳಿದರು. ತಾಯಿಗೆ ಅದು ಸಿಟ್ಟೋ ಹೆಮ್ಮೆಯೋ ತಿಳಿಯಲಿಲ್ಲ. ಬಂದವರಿಗೆಲ್ಲ ಚಹಾ ಮಾಡಿಕೊಟ್ಟಳು.

ಹೈಸ್ಕೂಲಿನ ಪಿ.ಟಿ. ಮಾಸ್ತರರು ಅಪ್ಪನಿಗೆ ಹಿಮಾ ದಾಸ್ ಕತೆ ಹೇಳಿದ್ದು ಇದೇ ದಿನಗಳಲ್ಲಿ. ಅಸ್ಸಾಮಿನ ಭತ್ತದ ರೈತನ ಮಗಳು; 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರನ್ನು 50.79 ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದಳು, 2021ರಲ್ಲಿ ಅಲ್ಲಿನ ಪೊಲೀಸಿನಲ್ಲಿ ಡಿವೈಎಸ್ಪಿ ಆದಳು. ಗಡಿಯಾಚೆಯ ಬೀಡ ಜಿಲ್ಲೆಯ ಅವಿನಾಶ್ ಸಾಬ್ಳೆಯ ವಿಷಯವೂ ಬಂತು. ಬರಗಾಲದ ಸೀಮೆಯ ರೈತರ ಮಗ, ಸೈನ್ಯ ಸೇರಿದ ಮೇಲೆ ಓಟಗಾರನಾಗಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ 3,000 ಮೀಟರು ಸ್ಟೀಪಲ್‌ಚೇಸಿನಲ್ಲಿ ಬೆಳ್ಳಿ ತಂದವನು. ಅಪ್ಪ ಎಲ್ಲವನ್ನೂ ಕೇಳಿ, “ಅವರ ದಾರ್ಯಾಗ ನಾಯಿ ಇದ್ದಿಲ್ಲೇನ್ರಿ?” ಎಂದು ಕೇಳಿದನಂತೆ.

ಲಿಖಿತ ಪರೀಕ್ಷೆಯಲ್ಲಿ ಆಕೆ ಪಾಸಾದಳು. ದೈಹಿಕ ಪರೀಕ್ಷೆಯ ದಿನ ಅಪ್ಪ ಮೈದಾನದ ಗೇಟಿನ ಹೊರಗೆ, ಇನ್ನೂರು ಮುನ್ನೂರು ಅಪ್ಪಂದಿರ ನಡುವೆ, ಬೇವಿನ ಮರದ ಕೆಳಗೆ ಕುಳಿತ. ಅಪ್ಪ ಹೇಳಿದಂತೆಯೇ ಎರಡು ಕಲ್ಲು ಹಗುರಾಗಿತ್ತು. ಒಂದೂವರೆ ನಿಮಿಷದೊಳಗೆ ಮುಗಿಸಿ, ತನ್ನ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಉದ್ದ ಜಿಗಿತವೂ ಆಯಿತು. ಕೊನೆಗೆ ಗುಂಡು ಎಸೆತ. ನಾಲ್ಕು ಕಿಲೋದ ಗುಂಡು, ಮೂರು ಅವಕಾಶ. ಆಕೆ ಅಂಥದೊಂದು ಗುಂಡನ್ನು ಕೈಯಲ್ಲಿ ಹಿಡಿದದ್ದೇ ಅಂದು ಮೊದಲು. ಮೂರೂ ಸಲ ಗುಂಡು ಗೆರೆಯ ಈಚೆಗೇ ಬಿತ್ತು.

ಎಂಟು ತಿಂಗಳು ಎಲ್ಲರೂ ಓಟವನ್ನೇ ನೋಡಿದ್ದರು. ಓಡಿದವಳು, ಓಡಿಸಿದವನು, ದಾರಿಯಲ್ಲಿ ನಿಂತವರು. ತೋಳಿನ ನೆನಪು ಯಾರಿಗೂ ಬರಲಿಲ್ಲ. ಊರಲ್ಲಿ ಓಡುವ ಹುಡುಗರನ್ನು ಕೇಳಿದ್ದರೂ ಹೇಳುತ್ತಿದ್ದರು, ಆದರೆ ಆಕೆ ಅವರನ್ನು ಮಾತನಾಡಿಸುವ ಹಾಗಿರಲಿಲ್ಲ, ಅವರೂ ಆಕೆಯನ್ನು.

ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಯಲ್ಲಿ ತಾಯಿ, “ಇನ್ನ ಸಾಕ ಬಿಡ್ರಿ, ಬಂದ ವರ ನೋಡೂಣು” ಎಂದಳು. ಅದಕ್ಕೂ ಯಾರೂ ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪ ಮಗಳನ್ನು ಎಬ್ಬಿಸಲಿಲ್ಲ. ಡೈರಿಯ ಹೆಂಗಸರು ದಾರಿ ನೋಡಿ, ಹಾಲು ಹಾಕಿ ಹೋದರು.

ಮೂರನೆಯ ದಿನ ಆತ ಹೊಳೆಯ ಕಡೆಗೆ ಹೋಗಿದ್ದವನು ಸೈಕಲ್ಲಿನ ಕ್ಯಾರಿಯರಿಗೆ ಗೋಣಿಯಲ್ಲಿ ಏನನ್ನೋ ಕಟ್ಟಿಕೊಂಡು ಬಂದ. ನೇರ ಕಿರಾಣಿ ಅಂಗಡಿಗೆ ಹೋಗಿ ತಕ್ಕಡಿಯ ಮೇಲಿಟ್ಟ. ಮಲಪ್ರಭೆಯ ನೀರಿನಲ್ಲಿ ಉರುಳಿ ಉರುಳಿ ನುಣ್ಣಗಾದ ಗುಂಡಗಿನ ಕಲ್ಲು. ನಾಲ್ಕು ಕಿಲೋ ಮುನ್ನೂರು ಗ್ರಾಂ ತೂಗಿತು.

“ಮುನ್ನೂರು ಜಾಸ್ತಿ ಆತಲ್ಲೋ” ಎಂದ ಅಂಗಡಿಯವ.

“ಇರವಲ್ದ್ಯಾಕ” ಎಂದು ಆತ ಕಲ್ಲನ್ನು ಮತ್ತೆ ಗೋಣಿಗೆ ಕಟ್ಟಿಕೊಂಡ.