ಮುಳುಗಿದ ಊರಿನ ಮೇಲೊಂದು ಮಧುಚಂದ್ರ

ಮದುವೆಯಾದ ಮೂರನೆಯ ದಿನ ಅಪ್ಪ ತಮ್ಮ ಹಳೆಯ ಅಟ್ಲಾಸನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟು, ಕನ್ನಡಕ ಏರಿಸಿ, "ಎಲ್ಲಿದೆಯಮ್ಮಾ ಈ ನಿಮ್ಮ ಥಾಯ್ಲೆಂಡು?" ಎಂದರು. ಜೀವಮಾನವಿಡೀ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವರಿಗೆ ಅದು ಗೊತ್ತಿಲ್ಲದ್ದೇನಲ್ಲ. ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು. ಮಧುಚಂದ್ರಕ್ಕೆ ಊಟಿ, ಕೊಡೈಕೆನಾಲ್ ಸಾಲದೆ? ಹೋಗಲೇಬೇಕಿದ್ದರೆ ಊಟ, ವಸತಿ, ಬಸ್ಸು ಎಲ್ಲವನ್ನೂ ನೋಡಿಕೊಳ್ಳುವ ಪ್ಯಾಕೇಜಿನಲ್ಲಿ ಹೋಗಬಾರದೆ? ಇಬ್ಬರೇ, ಬೆನ್ನಿಗೊಂದು ಚೀಲ ಕಟ್ಟಿಕೊಂಡು, ಕಾಡು ಸಮುದ್ರ ಅಂತ ಅಲೆಯುವುದು ಯಾವ ಸೀಮೆಯ ಮಧುಚಂದ್ರ?

ಪ್ಯಾಕೇಜುಗಳನ್ನು ನಾವು ನೋಡಿರಲಿಲ್ಲವೆಂದಲ್ಲ. ನೋಡಿದ್ದಕ್ಕೇ ಬೇಡವೆನಿಸಿದ್ದು. ಐದು ದಿನದಲ್ಲಿ ಎರಡು ಊರು, ಮೂರು ಷೋರೂಮು, ಒಂದು ಹಾವಿನ ಫಾರಮ್ಮು. ನನ್ನವರಿಗೆ ಬಂಡೆ ಹತ್ತುವ ಹುಚ್ಚು. ರಾಮನಗರದ ಬೆಟ್ಟಗಳಲ್ಲಿ ಭಾನುವಾರಗಳನ್ನು ಕಳೆದವರು. ನನಗೆ ಕಾಡು, ಗುಡಿ, ಊಟ. ಎರಡೂ ಒಂದೇ ದೇಶದಲ್ಲಿ, ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನದ ದೂರದಲ್ಲಿ ಸಿಗುವುದಾದರೆ ಬಿಡುವುದೇಕೆ? ವೀಸಾ ತಾಪತ್ರಯವೂ ಇರಲಿಲ್ಲ. 2023ರ ನವೆಂಬರಿನಿಂದ ಭಾರತೀಯರಿಗೆ ಆ ದೇಶ ವಿನಾಯಿತಿ ಕೊಟ್ಟಿತ್ತು. (ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಕೊಳ್ಳುವ ಮುಂಚೆ ರಾಯಭಾರ ಕಚೇರಿಯ ಪ್ರಕಟಣೆ ನೋಡುವುದು ಕ್ಷೇಮ.) ವಿಮಾನ ಹತ್ತುವ ಮೊದಲು ತುಂಬಬೇಕಾದ ಆಗಮನ ಪತ್ರವನ್ನು 2025ರ ಮೇ ತಿಂಗಳಿನಿಂದ ಕಂಪ್ಯೂಟರಿನಲ್ಲೇ ತುಂಬಬೇಕು, ಅಷ್ಟೆ.

ಅಪ್ಪನ ಕೈಯಲ್ಲಿ ಪತ್ರಿಕೆಯ ಒಂದು ತುಣುಕೂ ಇತ್ತು. 2025ರ ಜುಲೈ ಕೊನೆಯಲ್ಲಿ ಥಾಯ್-ಕಾಂಬೋಡಿಯಾ ಗಡಿಯಲ್ಲಿ ಗುಂಡು ಹಾರಿದ ಸುದ್ದಿ. ನಾವು ಹೋಗುವ ದಾರಿ ಆ ಗಡಿಯಿಂದ ನೂರಾರು ಕಿಲೋಮೀಟರ್ ದೂರವೆಂದು ಅಟ್ಲಾಸಿನ ಮೇಲೆ ಗೆರೆ ಎಳೆದು ತೋರಿಸಿದೆವು. ಬಹಳ ಹೊತ್ತು ನೋಡಿದರು. ಕೊನೆಗೆ ಒಂದೇ ಮಾತು: "ಎಲ್ಲಿಗಾದರೂ ಹೋಗಿ. ನೀರಿಗೆ ಮಾತ್ರ ಇಳಿಯಬೇಡಿ."

ಅದಕ್ಕೆ ಕಾರಣವಿತ್ತು. ಅಪ್ಪ ಹುಟ್ಟಿದ ಊರು ಶರಾವತಿಯ ದಂಡೆಯದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ಅಡಿಕೆ ತೋಟ ಎಲ್ಲ ನೀರಿನಡಿ ಸೇರಿದವು. ಆಗ ಅವರಿಗೆ ಐದು ವರ್ಷ. ಕೆಲವು ವರ್ಷಗಳ ಮೇಲೆ ಅದೇ ಹಿನ್ನೀರಿನಲ್ಲಿ ತೆಪ್ಪ ಮಗುಚಿ ಅವರ ಅಣ್ಣ ತೀರಿಕೊಂಡ. ಅಲ್ಲಿಂದ ನಮ್ಮ ಮನೆಯಲ್ಲಿ ಯಾರೂ ಈಜು ಕಲಿಯಲಿಲ್ಲ. 2025ರ ಜುಲೈಯಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿಗೆ ಲಾಂಚಿನಲ್ಲೇ ಹೊಳೆ ದಾಟಬೇಕಿತ್ತಲ್ಲ, ಆಗೆಲ್ಲ ಅಪ್ಪ ದಡದಲ್ಲೇ ನಿಂತು ಕೈಮುಗಿದು ಹಿಂದಿರುಗುತ್ತಿದ್ದರು. ಆಯಿತು ಎಂದೆ. ಹಾಗೆ ಹೇಳುವಾಗ ನನಗೆ ಸುಳ್ಳು ಹೇಳುವ ಉದ್ದೇಶವೇನೂ ಇರಲಿಲ್ಲ.

ಗೌರಿ ಗಣೇಶ ಮುಗಿಸಿ ಸೆಪ್ಟೆಂಬರ್ ಮೊದಲ ವಾರ ಹೊರಡುವುದೆಂದಾಯಿತು. ಟಿಕೆಟ್ ಅಗ್ಗವಾಗಿತ್ತು, ಯಾಕೆ ಅಗ್ಗವೆಂಬುದು ಆಮೇಲೆ ತಿಳಿಯಿತು. ಕರಾವಳಿಗೆ ಮಳೆ ಸುರಿಸುವ ಅದೇ ನೈಋತ್ಯ ಮಾರುತ ಥಾಯ್ಲೆಂಡಿನ ಪಶ್ಚಿಮ ತೀರಕ್ಕೂ ಮಳೆ ತರುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಫುಕೆಟ್, ಕ್ರಾಬಿ ಕಡೆಯ ಅಂಡಮಾನ್ ಸಮುದ್ರ ನಮ್ಮ ಮಲ್ಪೆಯ ಹಾಗೇ ಒರಟು. ಪೂರ್ವದ ಕೊಲ್ಲಿಯಲ್ಲಿರುವ ಸಮುಯ್ ದ್ವೀಪಕ್ಕೆ ಜೋರು ಮಳೆ ಬರುವುದು ಅಕ್ಟೋಬರ್ ನಂತರ. ಮಧುಚಂದ್ರಕ್ಕೆ ಹೊರಡುವವರು ಮೊದಲು ಈ ಎರಡು ತೀರಗಳ ಲೆಕ್ಕ ಹಾಕಿಕೊಳ್ಳಬೇಕು, ಹೋಟೆಲಿನ ಲೆಕ್ಕ ಆಮೇಲೆ. ನಾವು ಉಲ್ಟಾ ಮಾಡಿದ್ದೆವು. ಚಿಯಾಂಗ್ ಮಾಯಿಯನ್ನು ಪಟ್ಟಿಯಿಂದ ತೆಗೆದೆವು. ಹತ್ತು ದಿನದಲ್ಲಿ ಉತ್ತರ ದಕ್ಷಿಣ ಎರಡನ್ನೂ ಹೊಲಿದರೆ ಮಧುಚಂದ್ರವೆಲ್ಲ ವಿಮಾನ ನಿಲ್ದಾಣದಲ್ಲೇ ಮುಗಿದೀತು.

ನಿಲ್ದಾಣವೆಂದರೆ ನೆನಪಾಯಿತು. ಬ್ಯಾಂಕಾಕಿನ ನಿಲ್ದಾಣದ ಹೆಸರೇ ಸುವರ್ಣಭೂಮಿ, ಅವರ ಬಾಯಲ್ಲಿ 'ಸುವನ್ನಪೂಮ್'. ಅದರೊಳಗೆ ದೇವತೆಗಳೂ ಅಸುರರೂ ವಾಸುಕಿಯನ್ನು ಹಿಡಿದು ಕಡಲು ಕಡೆಯುತ್ತಿರುವ ದೊಡ್ಡ ಶಿಲ್ಪವಿದೆ. ಅಲ್ಲಿಂದ ಮುಂದೆ ನಮಗೊಂದು ಆಟವೇ ಆಯಿತು: ಗೊತ್ತಿರುವ ಪದ ಹುಡುಕುವುದು. ನಮಸ್ಕಾರಕ್ಕೆ ಅವರು ಹೇಳುವ 'ಸವಾದಿ' ನಮ್ಮ ಸ್ವಸ್ತಿ. ಭಾಷೆಗೆ 'ಫಾಸಾ', ಆಹಾರಕ್ಕೆ 'ಆಹಾನ್', ಗುರುವಿಗೆ 'ಖ್ರೂ'. ಸಸ್ಯಾಹಾರಕ್ಕೆ 'ಮಂಗ್ಸವಿರತ್' ಎನ್ನುತ್ತಾರೆ. ಬಿಡಿಸಿ ನೋಡಿದರೆ ಮಾಂಸ-ವಿರತಿ! ಆದರೂ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಮೀನಿನ ರಸವನ್ನು ಅವರು ನಾವು ಉಪ್ಪು ಹಾಕಿದಷ್ಟೇ ಸಹಜವಾಗಿ ಹಾಕುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ 'ಜೇ' ಎಂದು ಬರೆದ ಅಂಗಡಿಗಳಲ್ಲಿ ಮಾತ್ರ ನಿಶ್ಚಿಂತೆ. ಅಲ್ಲಿ ಬೆಳ್ಳುಳ್ಳಿ, ಈರುಳ್ಳಿ ಕೂಡ ಇಲ್ಲ.

ರೈಲು ಟಿಕೆಟಿನ ಮೇಲೆ ಇಸವಿ 2568 ಎಂದಿತ್ತು. ಬುದ್ಧ ಶಕೆ, ನಮ್ಮ ಲೆಕ್ಕಕ್ಕಿಂತ 543 ವರ್ಷ ಮುಂದೆ.

ಅರಮನೆಯ ಆವರಣದ ಪಚ್ಚೆ ಬುದ್ಧನ ಗುಡಿಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಬೇಕೇ ಬೇಕು. ನಾನು ಚೂಡಿದಾರದಲ್ಲಿದ್ದೆ. ಚಡ್ಡಿ ತೊಟ್ಟಿದ್ದ ನನ್ನವರು ಹೊರಗೆ ಓಡಿ ಆನೆಯ ಚಿತ್ರವಿರುವ ಜೋಲು ಪಾಯಿಜಾಮ ಕೊಂಡು ಬಂದರು. ಒಳಗಿನ ಮೊಗಸಾಲೆಯ ಗೋಡೆಗಳ ತುಂಬ ರಾಮಾಯಣ, 178 ಚಿತ್ರಗಳಲ್ಲಿ. ಅವರದು 'ರಾಮಕಿಯೆನ್', ಅಂದರೆ ರಾಮಕೀರ್ತಿ. ದಶಕಂಠ 'ತೋಸಕನ್' ಆಗಿದ್ದಾನೆ. ನಮಗೆ ನಗು ತಂದದ್ದು ಹನುಮಂತ. ಅಲ್ಲಿಯ ಹನುಮ ಬ್ರಹ್ಮಚಾರಿಯಲ್ಲ! ಸೇತುವೆಯ ಕಲ್ಲುಗಳನ್ನು ಕದಿಯಲು ಬಂದ ರಾವಣನ ಮಗಳು, ಮತ್ಸ್ಯಕನ್ಯೆ ಸುವರ್ಣಮಚ್ಛೆಯನ್ನು ಅವನು ಪ್ರೀತಿಸುತ್ತಾನೆ. ಅಮ್ಮನಿಗೆ ಹೇಳಿದಾಗ "ಶಿವ ಶಿವಾ" ಎಂದು ಫೋನಿಟ್ಟುಬಿಟ್ಟಳು. ಮರುದಿನ ಅಯೋಧ್ಯೆಯ ಹೆಸರು ಹೊತ್ತ ಅಯುತ್ತಾಯ. ನಾಲ್ಕು ಶತಮಾನ ಬಾಳಿದ ರಾಜಧಾನಿಯನ್ನು 1767ರಲ್ಲಿ ಬರ್ಮಾದ ಸೈನ್ಯ ಸುಟ್ಟಿತು. ಮಹಾಧಾತು ವಿಹಾರದಲ್ಲಿ ಬುದ್ಧನ ಕಲ್ಲಿನ ತಲೆಯೊಂದನ್ನು ಮರದ ಬೇರುಗಳು ತಬ್ಬಿಕೊಂಡಿವೆ. ಅದರೆದುರು ಚಿತ್ರ ತೆಗೆಸಿಕೊಳ್ಳುವವರು ಕುಕ್ಕುರುಗಾಲಲ್ಲಿ ಕೂರಬೇಕು. ಬುದ್ಧನಿಗಿಂತ ನಮ್ಮ ತಲೆ ಮೇಲಿರಬಾರದು. ಹಂಪಿಯಲ್ಲಿ ಕಂಬ ಹತ್ತಿ ಫೋಟೊ ಹೊಡೆಸಿಕೊಳ್ಳುವ ನಮ್ಮ ಹುಡುಗರು ನೆನಪಾದರು.

ಆನೆ ಸವಾರಿ ನನ್ನವರ ಪಟ್ಟಿಯಲ್ಲಿತ್ತು. ಅದನ್ನು ನಾನೇ ಹೊಡೆದುಹಾಕಿದೆ. 1988ರ ಕೊನೆಯಲ್ಲಿ ದಕ್ಷಿಣದಲ್ಲಿ ಭೀಕರ ನೆರೆ ಬಂದು, ಕಾಡು ಕಡಿದದ್ದೇ ಕಾರಣವೆಂದು ಜನ ರೊಚ್ಚಿಗೆದ್ದಾಗ ಸರಕಾರ 1989ರ ಜನವರಿಯಲ್ಲಿ ಮರ ಕಡಿತವನ್ನೇ ನಿಷೇಧಿಸಿತು. ಕಾಡು ಉಳಿಯಿತು, ದಿಮ್ಮಿ ಎಳೆಯುತ್ತಿದ್ದ ಆನೆಗಳಿಗೆ ಕೆಲಸ ಹೋಯಿತು. ಮಾವುತನ ಹೊಟ್ಟೆ, ಆನೆಯ ಹೊಟ್ಟೆ ಎರಡೂ ಪ್ರವಾಸಿಗರ ಪಾಲಿಗೆ ಬಿದ್ದವು. ಸವಾರಿಗೆ ಪಳಗಿಸುವುದು ಹೇಗೆಂದು ಓದಿದ ಮೇಲೆ ಹತ್ತಲು ಮನಸ್ಸಾಗಲಿಲ್ಲ. ಸ್ಕೂಟರ್ ಬಾಡಿಗೆಗೂ ಹೋಗಲಿಲ್ಲ. ಅಲ್ಲಿ ನಮ್ಮ ಹಾಗೇ ಎಡಗಡೆ ಓಡಾಟ, ಸುಲಭವೆನಿಸುತ್ತದೆ. ಆದರೆ ಅಂತರರಾಷ್ಟ್ರೀಯ ಪರವಾನಗಿಯಿಲ್ಲದೆ ಬಿದ್ದರೆ ಪೋಲೀಸರಿಗೆ ದಂಡ ಕೊಟ್ಟು, ವಿಮೆಯನ್ನೂ ಕಳೆದುಕೊಂಡು ಕೂರಬೇಕಾಗುತ್ತದೆ.

ರಾತ್ರಿ ರೈಲು ಹಿಡಿದು ಸುಮಾರು 650 ಕಿ.ಮೀ. ದಕ್ಷಿಣಕ್ಕೆ, ಸೂರತ್ ಥಾನಿಗೆ. ನಮ್ಮ ಗುಜರಾತಿನ ಸೂರತ್ತಿನ ಹೆಸರನ್ನೇ ಅಲ್ಲಿಯ ಅರಸರು 1915ರಲ್ಲಿ ಆ ಊರಿಗಿಟ್ಟರು. ನದಿಗೂ ತಾಪಿಯೆಂದೇ ಹೆಸರು. ಅಲ್ಲಿಂದ ಬಸ್ಸಿನಲ್ಲಿ ಕ್ರಾಬಿ. ಕಡಲಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗೋಡೆಗಳು, ಅವುಗಳ ಹಿಂದೆ ದೋಣಿಯಲ್ಲಿ ಮಾತ್ರ ತಲುಪಬಹುದಾದ ರೈಲೇ ಎಂಬ ಕಿನಾರೆ. ಮೊದಲ ದಿನ ಬಂಡೆ ಹತ್ತಿದೆವು. ಅವರು ಹಲ್ಲಿಯಂತೆ ಹೋದರು. ನಾನು ಹಗ್ಗದ ತುದಿಯಲ್ಲಿ ಹದಿನೈದು ಅಡಿ ಎತ್ತರದಲ್ಲಿ ನೇತಾಡುತ್ತ ದೇವರನಾಮ ಹೇಳಿದೆ.

ಎರಡನೆಯ ದಿನ ಜಗಳ. ಕಿನಾರೆಯಲ್ಲಿ ಕೆಂಪು ಬಾವುಟ ಏರಿತ್ತು. ಪ್ರಸಿದ್ಧ ಮಾಯಾ ಕೊಲ್ಲಿಗೆ ಹೇಗೂ ಹೋಗುವಂತಿರಲಿಲ್ಲ. ಪ್ರವಾಸಿಗರ ತುಳಿತಕ್ಕೆ ಹವಳವೆಲ್ಲ ಸತ್ತಿತ್ತೆಂದು 2018ರಿಂದ ಮೂರೂವರೆ ವರ್ಷ ಮುಚ್ಚಿದ್ದರು, ತೆರೆದ ಮೇಲೂ ಆಗಸ್ಟ್, ಸೆಪ್ಟೆಂಬರಿನಲ್ಲಿ ವಿಶ್ರಾಂತಿ ಕೊಡುತ್ತಾರೆ. ಬೇರೆ ದ್ವೀಪಕ್ಕೆ ಒಯ್ಯುತ್ತೇನೆ, ಅರ್ಧ ಹಣಕ್ಕೆ, ಎಂದು ಒಬ್ಬ ದೋಣಿಯವನು ಬಂದ. "ಅಲೆ ಅಷ್ಟೇನಿಲ್ಲ, ಹೋಗೋಣ" ಎಂದರು ನನ್ನವರು. 2018ರ ಜುಲೈಯಲ್ಲಿ ಫುಕೆಟ್ ಬಳಿ ಇಂಥದೇ ಬಿರುಗಾಳಿಯಲ್ಲಿ ಪ್ರವಾಸಿಗರ ದೋಣಿ ಮುಳುಗಿ 47 ಮಂದಿ ಸತ್ತದ್ದನ್ನು ನಾನು ಓದಿಕೊಂಡಿದ್ದೆ. "ನೀವು ಹೋಗಿ, ನಾನು ಬರುವುದಿಲ್ಲ" ಎಂದೆ. ಮದುವೆಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಆ ಮಾತು ಹೇಳುವುದು ಬಂಡೆ ಹತ್ತುವುದಕ್ಕಿಂತ ಕಷ್ಟವಾಗಿತ್ತು. ಅವರು ಸ್ವಲ್ಪ ಹೊತ್ತು ಸಮುದ್ರ ನೋಡಿದರು. ಆಮೇಲೆ ಚಪ್ಪಲಿ ಕಳಚಿ ಮರಳಿನ ಮೇಲೆ ಕೂತರು. ಸಂಜೆಯವರೆಗೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಮಾವಿನಹಣ್ಣು, ತೆಂಗಿನ ಹಾಲು ಹಾಕಿದ ಅಂಟು ಅನ್ನ ಒಂದೇ ತಟ್ಟೆ ತರಿಸಿದ್ದರಿಂದ ರಾಜಿಯಾಯಿತು.

ಕೊನೆಯ ಮೂರು ದಿನ ಖಾವ್ ಸೋಕ್ ರಾಷ್ಟ್ರೀಯ ಉದ್ಯಾನಕ್ಕೆ ಮೀಸಲು. ಇಳಿದ ಕೂಡಲೇ ಆಗುಂಬೆಗೆ ಬಂದಂತೆ ಅನಿಸಿತು: ಅದೇ ಜಿಟಿಜಿಟಿ, ಅದೇ ಹಸಿ ಎಲೆಯ ವಾಸನೆ, ಕಾಲಿಗೆ ಅದೇ ಇಂಬಳ. ವಿದೇಶೀಯರು ಕಿರುಚಾಡುತ್ತಿದ್ದರು. ನಾನು ಉಪ್ಪು, ಸುಣ್ಣ ಕೇಳಿ ನಮ್ಮ ಮಾರ್ಗದರ್ಶಕನ ಗೌರವ ಸಂಪಾದಿಸಿದೆ. ಬೆಳಗಿನ ಜಾವ ಗಿಬ್ಬನ್ ಮಂಗಗಳು ಕೂಗುತ್ತವೆ. ಗಂಡು ಹೆಣ್ಣು ಜೊತೆಯಾಗಿ, ಒಂದು ಎತ್ತಿಕೊಟ್ಟ ರಾಗವನ್ನು ಇನ್ನೊಂದು ಮುಂದುವರಿಸಿದ ಹಾಗೆ. ಮಧುಚಂದ್ರಕ್ಕೆ ಅದಕ್ಕಿಂತ ಒಳ್ಳೆಯ ಓಲಗ ಬೇಕೆ?

ಉದ್ಯಾನದ ಒಳಗೆ ಚಿಯೋ ಲಾನ್ ಎಂಬ ಸರೋವರವಿದೆ. ಉದ್ದ ಬಾಲದ ದೋಣಿಯಲ್ಲಿ ಹೊರಟೆವು. ಸುಣ್ಣಕಲ್ಲಿನ ಬೆಟ್ಟಗಳು ನೀರಿನಿಂದಲೇ ಎದ್ದು ಮೋಡದೊಳಗೆ ಹೋಗಿದ್ದವು. ತಿರುವು ದಾಟಿದಾಗ ನನ್ನ ಎದೆ ಧಸಕ್ಕೆಂದಿತು. ನೀರಿನ ನಡುವೆ ಒಣಗಿ ಬಿಳುಚಿದ ಮರಗಳು, ಕೊಂಬೆಯಿಲ್ಲದೆ, ಸಾಲಾಗಿ ನಿಂತಿದ್ದವು. ಆ ಮರಗಳನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಹೊಳೆಬಾಗಿಲಿನ ದಡದಿಂದ ಅಪ್ಪನ ಕೈಹಿಡಿದು ನೋಡಿದವು.

ಕೇಳಿದೆ. ಮಾರ್ಗದರ್ಶಕ ಹೇಳಿದ: ಇದು ಸರೋವರವಲ್ಲ, ಅಣೆಕಟ್ಟಿನ ಹಿನ್ನೀರು. ಅಣೆಕಟ್ಟಿನ ಹೆಸರು ರಾಜಪ್ರಭಾ, 1987ರಲ್ಲಿ ಮುಗಿಯಿತು. ವಿದ್ಯುತ್ತಿಗಾಗಿ ಕಟ್ಟಿದ್ದು. ಕೆಳಗೆ ಹಳ್ಳಿಗಳಿದ್ದವು. ನೀರು ಏರಿದಂತೆ ಬೆಟ್ಟದ ತುದಿಗಳು ದ್ವೀಪಗಳಾದವು, ಪ್ರಾಣಿಗಳು ಅವುಗಳ ಮೇಲೆ ಸಿಕ್ಕಿಕೊಂಡವು. ಸೂಬ್ ನಾಖಸಥಿಯನ್ ಎಂಬ ಅರಣ್ಯಾಧಿಕಾರಿ ಸಣ್ಣ ತಂಡದೊಂದಿಗೆ ದೋಣಿಗಳಲ್ಲಿ ತಿರುಗಿ ಸಾವಿರಕ್ಕೂ ಮಿಕ್ಕಿ ಜೀವಗಳನ್ನು ಹಿಡಿದು ಸಾಗಿಸಿದರು. ಅವುಗಳಲ್ಲಿ ಎಷ್ಟೋ ಉಳಿಯಲಿಲ್ಲ. ಅದನ್ನು ಕಣ್ಣಾರೆ ಕಂಡ ಅವರು ಮುಂದೆ ನಾಮ್ ಚೋನ್ ಎಂಬಲ್ಲಿ ಇನ್ನೊಂದು ಅಣೆಕಟ್ಟು ಕಟ್ಟುವುದನ್ನು ವಿರೋಧಿಸಿದರು. 1988ರಲ್ಲಿ ಆ ಯೋಜನೆ ನಿಂತಿತು. 1990ರಲ್ಲಿ ಸೂಬ್ ತೀರಿಕೊಂಡರು. ಅವರು ಕಾಯಲು ಹೆಣಗಿದ ಹುವಾಯ್ ಖಾ ಖೆಂಗ್ ಕಾಡಿಗೆ ಮರುವರ್ಷ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು.

ತೇಲುವ ಬಿದಿರು ಗುಡಿಸಲುಗಳಲ್ಲಿ ನಮ್ಮ ಬಿಡಾರ. ನೀರು ಹರಿಯುವ ಗುಹೆಯೊಂದರ ಒಳಗೆ ನಡೆದು ಇನ್ನೊಂದು ಬದಿಯಲ್ಲಿ ಹೊರಬರುವುದು ನನ್ನವರ ಬಹುದಿನದ ಆಸೆ. ಮಾರ್ಗದರ್ಶಕ ತಲೆಯಾಡಿಸಿದ. 2007ರ ಅಕ್ಟೋಬರಿನಲ್ಲಿ ಆ ಗುಹೆಯಲ್ಲಿ ದಿಢೀರನೆ ನೀರು ನುಗ್ಗಿ ಪ್ರವಾಸಿಗರೂ ದಾರಿ ತೋರಿಸಲು ಹೋದವರೂ ಸತ್ತಿದ್ದರು. ಮಳೆಗಾಲದಲ್ಲಿ ಅದು ಮುಚ್ಚಿರುತ್ತದೆ. ಈ ಸಲ ಅವರು ಎರಡನೆಯ ಮಾತಾಡಲಿಲ್ಲ. ನನ್ನ ಕಡೆ ನೋಡಿ ನಕ್ಕರು.

ಮಧ್ಯಾಹ್ನ ಮಳೆ ನಿಂತು ನೀರು ಗಾಜಿನಂತಾಯಿತು. ಗುಡಿಸಲಿನ ಮುಂದೆ ಪುಟ್ಟ ಮಕ್ಕಳು ಜೀವರಕ್ಷಕ ಕವಚ ಕಟ್ಟಿಕೊಂಡು ದುಡುಮ್ಮನೆ ಹಾರುತ್ತಿದ್ದರು. ನಾನು ಹಲಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಬಹಳ ಹೊತ್ತು ಕೂತಿದ್ದೆ. ನನ್ನವರು ಬಾ ಎನ್ನಲಿಲ್ಲ, ಬೇಡ ಎನ್ನಲಿಲ್ಲ; ಕವಚದ ಪಟ್ಟಿಗಳನ್ನು ಎರಡೆರಡು ಸಲ ಎಳೆದು ಬಿಗಿದು, ತಾವು ಮೊದಲು ಇಳಿದು ಕೈಚಾಚಿ ನಿಂತರು. ಇಳಿದೆ. ನೀರು ಬೆಚ್ಚಗಿತ್ತು. ಉಸಿರು ಕಟ್ಟಿತು, ಆಮೇಲೆ ಬಂತು. ಕಾಲಡಿ ಏನೂ ಇಲ್ಲ, ಎಷ್ಟೋ ಆಳದಲ್ಲಿ ಯಾರದೋ ಅಂಗಳವಿರಬಹುದು ಎಂದು ಯೋಚಿಸುತ್ತ ಆಕಾಶ ನೋಡಿಕೊಂಡು ತೇಲಿದೆ.

ಬಿಡಾರದಲ್ಲಿ ಫೋನು ಸಿಗುತ್ತಿರಲಿಲ್ಲ. ಮರುದಿನ ಅಣೆಕಟ್ಟಿನ ದಂಡೆಗೆ ಬಂದ ಮೇಲೆ ಅಪ್ಪನಿಗೆ ಮಾಡಿದೆ. ಬಯ್ಯಿಸಿಕೊಳ್ಳಲು ಸಿದ್ಧಳಾಗಿಯೇ ಎಲ್ಲವನ್ನೂ ಹೇಳಿದೆ: ಅಣೆಕಟ್ಟು, ಹಳ್ಳಿಗಳು, ಬಿಳಿ ಮರಗಳು, ನಾನು ಇಳಿದದ್ದು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಸಂಪರ್ಕ ಕಡಿಯಿತೇನೋ ಎಂದುಕೊಂಡೆ.

"ಊರು ಬಿಟ್ಟವರಿಗೆ ಜಮೀನು ಎಲ್ಲಿ ಕೊಟ್ಟರಂತೆ?" ಎಂದರು ಅಪ್ಪ.

ಕೇಳಿರಲಿಲ್ಲ. ದೋಣಿಯ ಹಗ್ಗ ಸುತ್ತುತ್ತಿದ್ದ ಮಾರ್ಗದರ್ಶಕನ ಕಡೆಗೆ ಫೋನು ಹಿಡಿದುಕೊಂಡೇ ನಡೆದೆ.