ಜಾರ್ಜಿಯಾದ ಹತ್ತಿ, ಹ್ಯಾರಿಯೆಟ್‌ಳ ಕೌದಿ

ಜಾರ್ಜಿಯಾದ ಮಣ್ಣು ಒಮ್ಮೆ ಅರಿವಿಗೆ ಹತ್ತಿತಂದ್ರ ಸುಮ್ಮನ ಹೋಗೂದಿಲ್ಲರಿ. ಮಗಳ ಬಾಣಂತನಕ್ಕ ಅಟ್ಲಾಂಟಾಕ್ಕ ಬಂದ ಮ್ಯಾಲೆ ಇಲ್ಲಿ ಭೂಗೋಳ ನನಗ ಮೊದಲು ತಿಳಿದದ್ದು ಅರಿವಿ ಒಗಿಯೋ ಮುಂದ. ನಮ್ಮ ಎರಿ ಹೊಲದ ಕರೀ ಮಣ್ಣು ಒಣಗಿದ ಮ್ಯಾಲೆ ಝಾಡಿಸಿದ್ರ ಉದುರ್ತದ. ಇದು ನಮ್ಮ ಮಸಾರಿಗಿಂತನೂ ಕೆಂಪು, ಜಂಗು ಹಿಡಿದ ಕಬ್ಬಿಣದ ಬಣ್ಣ, ನೂಲಿನೊಳಗ ಹೊಕ್ಕೊಂಡು ಕೂತುಬಿಡ್ತದ.

ಉತ್ತರಕ್ಕ ಅಪಲಾಚಿಯನ್ ಗುಡ್ಡ, ನಡುವ ಈ ಕೆಂಪು ದಿನ್ನಿ, ಕೆಳಗ ಸಮುದ್ರದ ತನಕ ಉಸುಕಿನ ಬಯಲು. ದಿನ್ನಿ ಮುಗದು ಬಯಲು ಸುರು ಆಗೋ ಗೆರಿ ಮ್ಯಾಲೆ ಹೊಳಿಗಳು ಕೆಳಗ ಧುಮಕ್ತಾವ. ಸಮುದ್ರದಿಂದ ಬಂದ ದೋಣಿ ಅಲ್ಲೇ ನಿಲ್ಲಬೇಕು. ಅದಕ್ಕ ಅಗಸ್ಟಾ, ಮೇಕನ್, ಕೊಲಂಬಸ್ ಊರುಗಳು ಆ ಗೆರಿ ಮ್ಯಾಲೇ ಬೆಳದಾವ.

1733ರಾಗ ಓಗಲ್‌ಥಾರ್ಪ್ ಅನ್ನೋ ಇಂಗ್ಲಿಷ್ ಸಾಹೇಬ ಸವಾನ್ನಾ ಊರು ಕಟ್ಟಿಸಿದ. ಆಶ್ಚರ್ಯ ಅಂದ್ರ, ಸುರುವಿನ ವರ್ಷಗಳೊಳಗ ಇಲ್ಲಿ ಗುಲಾಮರನ್ನ ಇಟ್ಕೊಳ್ಳಾಕ ಕಾಯ್ದೇನ ಬಿಡ್ತಿರಲಿಲ್ಲ. 1751ರ ಹೊತ್ತಿಗೆ ಆ ಕಾಯ್ದೆ ತಗದುಹಾಕಿದ್ರು. ಮುಂದ 1793ರಾಗ, ಸವಾನ್ನಾದ ಹತ್ರ ಕ್ಯಾಥರಿನ್ ಗ್ರೀನ್ ಅನ್ನೋ ವಿಧವೆಯ ತೋಟದ ಮನ್ಯಾಗ ಇಳಕೊಂಡಿದ್ದ ಇಲೈ ವಿಟ್ನಿ, ಹತ್ತಿಕಾಳು ಬಿಡಿಸೋ ಜಿನ್ ಯಂತ್ರ ಮಾಡಿದ. ಈ ಕಡೆ ಹತ್ತಿಯೊಳಗ ಅಳ್ಳಿ ಕಾಳನ್ನ ಬಿಗಿ ಹಿಡಕೊಂಡಿರ್ತದ. ಕೈಲೆ ಬಿಡಿಸಿದ್ರ ಒಬ್ಬರಿಗೆ ದಿನಕ್ಕ ಒಂದು ಪೌಂಡು, ಅಂದ್ರ ಅರ್ಧ ಕಿಲೋದಷ್ಟೂ ಆಗ್ತಿರಲಿಲ್ಲ. ದೀಪದ ಬತ್ತಿಗೆ ಅಳ್ಳಿ ಬಿಡಿಸಿದ ನಿಮಗ ನಾ ಏನ ಹೇಳೋದು!

ಯಂತ್ರ ಬಂದ ಮ್ಯಾಲೆ ಕಷ್ಟ ಕಡಿಮಿ ಆಗಬೇಕಿತ್ತು. ಆದ್ರ ಕಾಳು ತಗಿಯೋದಷ್ಟ ಸಸಾರ ಆತು, ಗಿಡದಿಂದ ಹತ್ತಿ ಬಿಡಿಸಾಕ ಕೈನ ಬೇಕು. ರೊಕ್ಕ ಕಂಡವರು ಇನ್ನಷ್ಟು ಹೊಲ, ಇನ್ನಷ್ಟು ಮಂದಿ ಕೊಂಡ್ರು. 1860ಕ್ಕ ಜಾರ್ಜಿಯಾದಾಗ ಇದ್ದ ಸುಮಾರು 10,57,000 ಮಂದಿಯೊಳಗ 4,62,000 ಮಂದಿ ಗುಲಾಮರು. ಹೊಲ ಎಲ್ಲಿಂದ ಬಂತು ಅಂತೀರಿ? ಉತ್ತರದ ಗುಡ್ಡದ ಕಡೆ ಇದ್ದದ್ದು ಚೆರೋಕಿ ಜನ. ಅವರ ಭೂಮಿ ಅಳದು, ಲಾಟರಿ ಎತ್ತಿ ಬಿಳೇ ಮಂದಿಗೆ ಹಂಚಿದ್ರು. 1838ರಾಗ ಸೈನ್ಯ ತಂದು ಮನಿ ಬಿಡಿಸಿ ಪಶ್ಚಿಮಕ್ಕ ಅಟ್ಟಿದ್ರು. ಆ ದಾರ್ಯಾಗ ಸುಮಾರು 4,000 ಜನ ಸತ್ರು.

ಈ ಹತ್ತಿಗೂ ನಮಗೂ ಒಂದು ನಂಟದ. 1840ರ ಸುಮಾರಿಗೆ ಕಂಪನಿ ಸರ್ಕಾರ ಅಮೆರಿಕಾದ ಹತ್ತಿಬೀಜ, ಬೆಳಿಯೋದು ಗೊತ್ತಿದ್ದ ಅಲ್ಲಿನ ಮಂದಿ, ಗರಗಸದ ಹಲ್ಲಿನ ಜಿನ್ ಎಲ್ಲಾ ಧಾರವಾಡ-ಹುಬ್ಬಳ್ಳಿ ಕಡೆ ತರಿಸಿತ್ತು. ಹಿಂದೂಸ್ತಾನದಾಗ ಭಾಳ ಕಡೆ ಸೋತ ಆ ಬೀಜ ನಮ್ಮ ಎರಿಯೊಳಗ ಹತ್ತಿಕೊಂಡು ಬೆಳೀತು. 1861ರಾಗ ಇಲ್ಲಿ ಉತ್ತರ-ದಕ್ಷಿಣದ ಯುದ್ಧ ಸುರು ಆಗಿ, ದಕ್ಷಿಣದ ಬಂದರು ಬಂದ್ ಆದ ಕೂಡಲೆ ವಿಲಾಯತಿ ಗಿರಣಿಯವರು ಮುಂಬೈ ಕಡೆ ತಿರುಗಿದ್ರು. ನಮ್ಮ ಕಡೆ ಹತ್ತಿಗೆ ಬಂಗಾರದ ರೇಟು ಬಂತು. ಇಲ್ಲಿ 1864ರಾಗ ಜನರಲ್ ಶರ್ಮನ್ ಅಟ್ಲಾಂಟಾ ಸುಟ್ಟು ಸವಾನ್ನಾದ ತನಕ ಹಾಳು ಮಾಡ್ಕೋತ ನಡದ. ಯುದ್ಧ ಮುಗೀತು, ಗುಲಾಮಗಿರಿ ಹೋತು, ನಮ್ಮ ರೇಟೂ ಇಳೀತು.

ಬಿಡುಗಡೆ ಆದವರ ಕೈಗೆ ಭೂಮಿ ಏನೂ ಬರಲಿಲ್ಲ. ಹಳೇ ಧಣಿ ಹೊಲಾನ ಪಾಲಿಗೆ ಮಾಡಬೇಕು. ಬೀಜ, ಹಿಟ್ಟು, ಅರಿವಿ ಉದ್ರಿ ತರಬೇಕು. ಸುಗ್ಗಿ ಆದ ಮ್ಯಾಲೆ ಲೆಕ್ಕದ ವಹಿ ಸೌಕಾರನ ಕೈಯಾಗ. ಮುಂದಿಂದು ನಿಮಗ ಗೊತ್ತದ, ನಾ ಬಿಡಿಸಿ ಹೇಳಬೇಕಿಲ್ಲ. 1915ರ ಸುಮಾರಿಗೆ ಹತ್ತಿಕಾಯಿ ಕೊರಿಯೋ ಒಂದು ಸೊಂಡಿಲಿನ ಹುಳ ಬಂದು ಬೆಳಿ ತಿಂದು ಹಾಕ್ತು. ಆಗ ಎಷ್ಟೋ ಜನ ಉತ್ತರದ ಶಹರಗಳಿಗೆ ಗುಳೆ ಹೋದ್ರು, ಉಳಿದ ರೈತರೊಳಗ ಭಾಳ ಮಂದಿ ಶೇಂಗಾಕ್ಕ ತಿರುಗಿದ್ರು. ಈಗ ಅಮೆರಿಕಾದ ಶೇಂಗಾದೊಳಗ ಅರ್ಧದಷ್ಟು ಇಲ್ಲೀದ. ಪ್ರೆಸಿಡೆಂಟ್ ಆಗಿದ್ದ ಜಿಮ್ಮಿ ಕಾರ್ಟರ್ ಪ್ಲೇನ್ಸ್ ಅನ್ನೋ ಸಣ್ಣ ಊರಿನ ಶೇಂಗಾ ರೈತನ.

ರಸ್ತೆ ಬಾಜೂಕ ದೊಡ್ಡ ಪಾತ್ರಿಯೊಳಗ ಉಪ್ಪುನೀರಿನ್ಯಾಗ ಸಿಪ್ಪಿ ಸಮೇತ ಶೇಂಗಾ ಕುದಿಸಿ ಮಾರ್ತಾರ. ರುಚಿ ಥೇಟ್ ನಮ್ಮ ಮನೀದು. ಬೆಂಡಿಕಾಯಿ ಪಲ್ಯಾನೂ ಮಾಡ್ತಾರ (ಲೋಳಿ ಹಂಗ ಇಡ್ತಾರ, ಅದು ನನಗ ಸೇರಲಿಲ್ಲ). ಹೊಸ ವರ್ಷದ ದಿನ ಅಲಸಂದಿ ಉಂಡ್ರ ಒಳ್ಳೇದಾಗ್ತದಂತ. ಬೆಂಡಿ, ಅಲಸಂದಿ ಎರಡೂ ಆಫ್ರಿಕಾದ ಬೆಳಿ, ಗುಲಾಮರನ್ನ ತಂದ ಹಡಗದ ಕೂಡ ಬಂದಾವ. ಶೇಂಗಾಕ್ಕ ಇಲ್ಲಿ ಹಳೇ ಮಂದಿ ಅನ್ನೋ ಗೂಬರ್ ಅನ್ನೋ ಹೆಸರೂ ಆಫ್ರಿಕಾದ್ದ. ಅಂದ್ರ ಈ ನಾಡಿನ ಅಡಿಗಿ ಕಲಿಸಿದವರು ಯಾರು ಅಂತ ಬ್ಯಾರೆ ಕೇಳಬೇಕಿಲ್ಲ.

ಈಗಿನ ಅಟ್ಲಾಂಟಾ ನೋಡಿದ್ರ ಇದು ಯಾವುದೂ ಕಾಣೂದಿಲ್ಲ. ದೊಡ್ಡ ವಿಮಾನ ನಿಲ್ದಾಣ, 1886ರಾಗ ಇಲ್ಲೇ ಹುಟ್ಟಿದ ಕೋಕಾ-ಕೋಲಾ, ಸಿನಿಮಾ ಶೂಟಿಂಗ್, ನಮ್ಮ ಹುಡುಗರ ಕಂಪ್ಯೂಟರ್ ನೌಕರಿ. ಅದೆಲ್ಲಾ ನಿಮಗ ಮಕ್ಕಳ ಹೇಳ್ತಾರ. ನನಗ ಹೇಳಬೇಕಾಗಿರೋದು ಹ್ಯಾರಿಯೆಟ್ ಪವರ್ಸ್ ಅನ್ನಾಕಿ ವಿಷಯ.

1837ರಾಗ ಗುಲಾಮರ ಮನ್ಯಾಗ ಹುಟ್ಟಿದಾಕಿ, ಬಿಡುಗಡೆ ಆದ ಮ್ಯಾಲೆ ಗಂಡನ ಕೂಡ ಅಥೆನ್ಸ್ ಊರಿನ ಹತ್ರ ಸಣ್ಣ ಹೊಲ ಮಾಡ್ಕೊಂಡಿದ್ಲು. ಅರಿವಿ ತುಂಡು ಕತ್ತರಿಸಿ ಮನಿಶಾರು, ಪ್ರಾಣಿ, ಚಿಕ್ಕಿ ಮಾಡಿ, ಬೈಬಲ್ಲಿನ ಕಥಿ ಹನ್ನೊಂದು ಚೌಕದೊಳಗ ಹೊಲದು ಒಂದು ಕೌದಿ ಮಾಡಿದ್ಲು. 1886ರಾಗ ಅಲ್ಲಿ ಹತ್ತಿ ಜಾತ್ರಿಯೊಳಗ ಅದನ್ನ ಇಟ್ಟಿದ್ರು. ಜೆನ್ನಿ ಸ್ಮಿತ್ ಅನ್ನೋ ಬಿಳೇ ಹೆಣ್ಣುಮಗಳು, ಚಿತ್ರ ಕಲಿಸಾಕಿ, ಕೊಡು ಅಂದ್ಲು. ಎಷ್ಟು ಕೊಟ್ರೂ ಒಲ್ಲೆ ಅಂದ್ಲು ಹ್ಯಾರಿಯೆಟ್. ನಾಕೈದು ವರ್ಷದಾಗ ಮನ್ಯಾಗ ಅಡಚಣಿ ಆತು. 1891ರಾಗ ತಾನ ಹೊತ್ಕೊಂಡು ಹೋಗಿ ಹತ್ತು ಡಾಲರ್ ಕೇಳಿದ್ಲು. ಆಕಿ ಹತ್ರ ಇದ್ದದ್ದು ಐದ. ಗಂಡ ತಗೋ ಅಂದ, ಕೊಟ್ಟಬಿಟ್ಲು.

ಕೊಡೋ ಮುಂದ ಒಂದೊಂದು ಚೌಕಕ್ಕೂ ಕೈಯಿಟ್ಟು ಇದು ಇಂಥಾದ್ದು ಅಂತ ಹೇಳಿದ್ಲಂತ. ಜೆನ್ನಿ ಅದನ್ನ ಬರಕೊಂಡಿದ್ಕ ಇವತ್ತು ನಮಗ ಅರ್ಥ ಗೊತ್ತದ. ಆಮ್ಯಾಲೂ ಹ್ಯಾರಿಯೆಟ್ ಎಷ್ಟೋ ಸಲ ಆ ಮನಿಗೆ ಹೋಗಿ ತನ್ನ ಕೌದಿ ನೋಡ್ಕೊಂಡು ಬರ್ತಿದ್ಲು. ಆ ಕೌದಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಾಗ ಅದ, ಆಕೀದ ಇನ್ನೊಂದು ಬಾಸ್ಟನ್ನಿನ್ಯಾಗ. ನಿಮ್ಮೊಳಗ ಯಾರರ ಆ ಕಡೆ ಮಕ್ಕಳ ಮನಿಗೆ ಹೊಂಟಿದ್ರ, ಹೊರಗ ಇಟ್ಟಾರೋ ಇಲ್ಲೋ ಮೊದಲು ಕೇಳ್ಕೊಂಡು ಹೋಗ್ರಿ.